ರೆಡ್‌ವುಡ್ ಜೀನೋಮ್ ಯೋಜನೆ

ರೆಡ್‌ವುಡ್ ಜೀನೋಮ್ ಯೋಜನೆಯು ಅಮೇರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾದಲ್ಲಿ ಬೆಳೆಯುವ ಎರಡು ದೈತ್ಯ ಮರಗಳಾದ ಕರಾವಳಿ ರೆಡ್‌ವುಡ್ ಮತ್ತು ದೈತ್ಯ ಸೆಕ್ವೊಯಾಗಳ ಸಂಪೂರ್ಣ ಡಿಎನ್‌ಎ ಅನುಕ್ರಮವನ್ನು ಓದಿ, ಆ ತಿಳಿವಳಿಕೆಯನ್ನು ಕಾಡುಗಳ ರಕ್ಷಣೆಗೆ ಬಳಸುವ ಉದ್ದೇಶದಿಂದ 2017ರಲ್ಲಿ ಆರಂಭವಾದ ವೈಜ್ಞಾನಿಕ ಯೋಜನೆಯಾಗಿದೆ. 'ಸೇವ್ ದ ರೆಡ್‌ವುಡ್ಸ್ ಲೀಗ್' ಎಂಬ ಸಂರಕ್ಷಣಾ ಸಂಸ್ಥೆ, ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಗಳು ಇದರ ಮುಖ್ಯ ಪಾಲುದಾರರು. ಐದು ವರ್ಷಗಳ ಕಾರ್ಯಕ್ಕಾಗಿ ಸುಮಾರು 26 ಲಕ್ಷ ಡಾಲರ್‌ಗಳ ವೆಚ್ಚವನ್ನು ಅಂದಾಜಿಸಲಾಗಿತ್ತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಎರಡೂ ಮರಗಳು ಅಳಿವಿನಂಚಿನ ಪ್ರಭೇದಗಳೆಂದು ದಾಖಲಾಗಿವೆ. ದೈತ್ಯ ಸೆಕ್ವೊಯಾದ ಜೀನೋಮ್ 2020ರಲ್ಲಿಯೂ ಕರಾವಳಿ ರೆಡ್‌ವುಡ್‌ನ ಜೀನೋಮ್ 2022ರಲ್ಲಿಯೂ ಪ್ರಬಂಧರೂಪದಲ್ಲಿ ಪ್ರಕಟವಾದವು.

ಮರಗಳ ಪರಿಚಯ

ಸೈಪ್ರಸ್ ಕುಟುಂಬಕ್ಕೆ ಸೇರಿದ ಸೆಕ್ವೊಯಾಯ್ಡಿ ಎಂಬ ಉಪಕುಟುಂಬದಲ್ಲಿ ಇಂದು ಮೂರೇ ಪ್ರಭೇದಗಳು ಉಳಿದಿವೆ. ಪ್ರತಿಯೊಂದೂ ತನ್ನ ಕುಲದ ಏಕೈಕ ಸದಸ್ಯ. ಪಳೆಯುಳಿಕೆಗಳ ಸಾಕ್ಷ್ಯದಂತೆ ಇವುಗಳ ಪೂರ್ವಜರು ಒಂದು ಕಾಲದಲ್ಲಿ ಉತ್ತರಾರ್ಧಗೋಳದ ವಿಶಾಲ ಭೂಭಾಗವನ್ನು ಆವರಿಸಿದ್ದರು.

ಕರಾವಳಿ ರೆಡ್‌ವುಡ್ (ಸೆಕ್ವೊಯಾ ಸೆಂಪರ್ವೈರೆನ್ಸ್) ಆರೆಗಾನ್ ರಾಜ್ಯದ ನೈಋತ್ಯ ತುದಿಯಿಂದ ಕ್ಯಾಲಿಫೋರ್ನಿಯಾದ ಮಧ್ಯಭಾಗದವರೆಗೆ, ಶಾಂತ ಸಾಗರದ ದಂಡೆಗುಂಟ ಕಿರಿದಾದ ಪಟ್ಟಿಯಲ್ಲಿ ಬೆಳೆಯುತ್ತದೆ. ಬೇಸಿಗೆಯಲ್ಲಿ ಮಳೆಯೇ ಇಲ್ಲದ ಆ ಪ್ರದೇಶದಲ್ಲಿ ಕಡಲಿನಿಂದ ಏರಿಬರುವ ಮಂಜೇ ಇದಕ್ಕೆ ಆಧಾರ. ಎಲೆಗಳ ಮೇಲೆ ಸಾಂದ್ರಗೊಂಡ ಮಂಜಿನ ನೀರಿನಲ್ಲಿ ಒಂದಿಷ್ಟನ್ನು ಮರ ನೇರವಾಗಿ ಹೀರಿಕೊಳ್ಳುತ್ತದೆ, ಉಳಿದುದು ಹನಿಹನಿಯಾಗಿ ಬೇರಿಗಿಳಿಯುತ್ತದೆ. ಭೂಮಿಯ ಮೇಲಿನ ಅತ್ಯಂತ ಎತ್ತರದ ಮರಗಳು ಈ ಪ್ರಭೇದದವು. 2006ರಲ್ಲಿ ಗುರುತಿಸಲಾದ 'ಹೈಪೀರಿಯನ್' ಎಂಬ ಮರದ ಎತ್ತರ 115 ಮೀಟರಿಗೂ ಹೆಚ್ಚು. ಎರಡು ಸಾವಿರ ವರ್ಷಕ್ಕೂ ಮೀರಿ ಬದುಕಿದ ಮರಗಳಿವೆ.

ದೈತ್ಯ ಸೆಕ್ವೊಯಾ (ಸೆಕ್ವೊಯಾಡೆಂಡ್ರಾನ್ ಜೈಗ್ಯಾಂಟಿಯಮ್) ಒಳನಾಡಿನದು. ಸಿಯೆರಾ ನೆವಾಡ ಪರ್ವತಶ್ರೇಣಿಯ ಪಶ್ಚಿಮ ಇಳಿಜಾರಿನಲ್ಲಿ, ಒಂದರಿಂದೊಂದು ದೂರವಿರುವ ಸುಮಾರು 75 ತೋಪುಗಳಲ್ಲಿ ಮಾತ್ರ ಇದು ಸಹಜವಾಗಿ ಬೆಳೆಯುತ್ತದೆ. ಗಾತ್ರದಲ್ಲಿ ಇದಕ್ಕೆ ಸಮನಾದ ಮರವಿಲ್ಲ; 'ಜನರಲ್ ಶೆರ್ಮನ್' ಮರದ ಕಾಂಡದ ಗಾತ್ರ 1,480 ಘನ ಮೀಟರಿಗೂ ಅಧಿಕ. ಅತಿ ಹಳೆಯ ಮರಗಳ ವಯಸ್ಸು 3,200 ವರ್ಷವನ್ನು ದಾಟಿದೆಯೆಂಬುದು ವಾರ್ಷಿಕ ಬಳೆಗಳ ಎಣಿಕೆಯಿಂದ ಖಚಿತವಾಗಿದೆ. ಮೂರನೆಯ ಪ್ರಭೇದವಾದ ಮೆಟಾಸೆಕ್ವೊಯಾ ಚೀನಾ ದೇಶದ್ದು. 1941ರಲ್ಲಿ ಪಳೆಯುಳಿಕೆಯ ಆಧಾರದಿಂದ ಹೆಸರು ಪಡೆದ ಈ ಕುಲದ ಜೀವಂತ ಮರಗಳು ಅದೇ ದಶಕದಲ್ಲಿ ಪತ್ತೆಯಾದವು.

'ಸೆಕ್ವೊಯಾ' ಎಂಬ ಕುಲನಾಮವನ್ನು 1847ರಲ್ಲಿ ನೀಡಿದವನು ಆಸ್ಟ್ರಿಯದ ಸಸ್ಯಶಾಸ್ತ್ರಜ್ಞ ಸ್ಟೀಫನ್ ಎಂಡ್ಲಿಖರ್. ಚೆರೊಕೀ ಭಾಷೆಗೆ ಲಿಪಿಯನ್ನು ರೂಪಿಸಿದ ಸಿಕ್ವೋಯನ ಗೌರವಾರ್ಥ ಈ ಹೆಸರಿಡಲಾಯಿತೆಂಬುದು ಪ್ರಚಲಿತ ಅಭಿಪ್ರಾಯ. 'ಹಿಂಬಾಲಿಸು' ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದಿದೆಯೆಂಬ ವಾದವೂ ಇದೆ. ಎಂಡ್ಲಿಖರ್ ಭಾಷಾಶಾಸ್ತ್ರಜ್ಞನೂ ಆಗಿದ್ದುದರಿಂದ ಮೊದಲ ಅಭಿಪ್ರಾಯಕ್ಕೆ ಹೆಚ್ಚಿನ ಮನ್ನಣೆಯಿದೆ.

ಅಪಾಯದ ಹಿನ್ನೆಲೆ

1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ದೊರೆತ ಬಳಿಕ ಬೆಳೆದ ನಗರಗಳಿಗೆ ಮರಮುಟ್ಟು ಬೇಕಾಯಿತು. ಗೆದ್ದಲು ಸುಲಭವಾಗಿ ಮುಟ್ಟದ, ಬೇಗ ಕೊಳೆಯದ, ನೇರ ಎಳೆಯ ರೆಡ್‌ವುಡ್ ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಸುಮಾರು 20 ಲಕ್ಷ ಎಕರೆಗಳಷ್ಟಿದ್ದ ಪುರಾತನ ರೆಡ್‌ವುಡ್ ಕಾಡಿನಲ್ಲಿ ಕೊಡಲಿ ಕಾಣದೆ ಉಳಿದದ್ದು ಶೇಕಡ 5ರಷ್ಟು ಮಾತ್ರ. ದೈತ್ಯ ಸೆಕ್ವೊಯಾದ ಮರ ಪೆಡಸಾಗಿದ್ದು, ಉರುಳುವಾಗಲೇ ಚೂರುಚೂರಾಗುತ್ತಿತ್ತು. ಹಾಗಿದ್ದೂ ಅದರ ತೋಪುಗಳ ಮೂರನೇ ಒಂದು ಭಾಗದಷ್ಟನ್ನು ಕಡಿಯಲಾಯಿತು. ಸಾವಿರಾರು ವರ್ಷ ಬೆಳೆದ ಮರಗಳ ಗಣನೀಯ ಪಾಲು ಬೇಲಿಗೂಟ ಮತ್ತು ಸೂರಿನ ಹಲಗೆಗಳಾಗಿ ಹೋಯಿತು.

ಕಾಡನ್ನು ಉಳಿಸುವ ಪ್ರಯತ್ನವೂ ಹಳೆಯದೇ. ಮಾರಿಪೋಸ ತೋಪಿಗೆ 1864ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಸೆಕ್ವೊಯಾ ರಾಷ್ಟ್ರೀಯ ಉದ್ಯಾನ 1890ರಲ್ಲಿ ಸ್ಥಾಪನೆಯಾಯಿತು. 1918ರಲ್ಲಿ ಹುಟ್ಟಿದ ಸೇವ್ ದ ರೆಡ್‌ವುಡ್ಸ್ ಲೀಗ್ ಹಣ ಸಂಗ್ರಹಿಸಿ ಕಾಡುಗಳನ್ನು ಕೊಂಡು ಸಾರ್ವಜನಿಕ ಉದ್ಯಾನಗಳಿಗೆ ಒಪ್ಪಿಸುವ ಮಾರ್ಗವನ್ನು ಹಿಡಿಯಿತು. ರೆಡ್‌ವುಡ್ ರಾಷ್ಟ್ರೀಯ ಉದ್ಯಾನ 1968ರಲ್ಲಿ ರಚನೆಯಾಗಿ 1978ರಲ್ಲಿ ವಿಸ್ತರಣೆಗೊಂಡಿತು. ಇಪ್ಪತ್ತನೆಯ ಶತಮಾನದ ಅಂತ್ಯದ ಹೊತ್ತಿಗೆ, ಉಳಿದ ಪುರಾತನ ತೋಪುಗಳ ಬಹುಪಾಲು ಕೊಡಲಿಯಿಂದ ಸುರಕ್ಷಿತವಾಗಿತ್ತು.

ಆದರೆ ಬೆಂಕಿಯಿಂದ ಸುರಕ್ಷಿತವಾಗಿರಲಿಲ್ಲ. ದೈತ್ಯ ಸೆಕ್ವೊಯಾ ಬೆಂಕಿಯೊಡನೆ ಬಾಳಲು ಹೊಂದಿಕೊಂಡ ಮರ. ಅಡಿಗಟ್ಟಲೆ ದಪ್ಪದ, ನಾರುನಾರಾದ ತೊಗಟೆ ಅದನ್ನು ನೆಲಮಟ್ಟದ ಬೆಂಕಿಯಿಂದ ಕಾಪಾಡುತ್ತದೆ. ಅದರ ಶಂಕುಗಳು ಮರದಲ್ಲಿಯೇ ಇಪ್ಪತ್ತು ವರ್ಷಗಳವರೆಗೂ ಮುಚ್ಚಿಕೊಂಡಿದ್ದು, ಕೆಳಗಿನ ಬೆಂಕಿಯ ಬಿಸಿಗಾಳಿಗೆ ಒಣಗಿ ಬಾಯಿಬಿಡುತ್ತವೆ. ಕಿಲೋಗ್ರಾಮಿಗೆ ಸುಮಾರು ಎರಡು ಲಕ್ಷ ತೂಗುವಷ್ಟು ಹಗುರವಾದ ಬೀಜಗಳು ಬೂದಿ ಬೆರೆತ ಬರಿಮಣ್ಣಿನ ಮೇಲೆ ಬಿದ್ದು ಮೊಳೆಯುತ್ತವೆ. ಮೂಲನಿವಾಸಿಗಳು ಹಚ್ಚುತ್ತಿದ್ದ ಸಣ್ಣ ಬೆಂಕಿಗಳನ್ನು ನಿಲ್ಲಿಸಿ, ಸಿಡಿಲಿನಿಂದ ಹೊತ್ತಿದ್ದನ್ನೂ ತಕ್ಷಣ ಆರಿಸುವ ನೀತಿಯನ್ನು ಒಂದು ಶತಮಾನ ಕಾಲ ಅನುಸರಿಸಿದ್ದರಿಂದ ತೋಪುಗಳಲ್ಲಿ ಒಣಕಟ್ಟಿಗೆಯೂ ಎಳೆಮರಗಳ ದಟ್ಟಣೆಯೂ ತುಂಬಿಕೊಂಡವು. 2012ರಿಂದ 2016ರವರೆಗಿನ ಬರಗಾಲ ಈ ಸೌದೆಯನ್ನು ಮತ್ತಷ್ಟು ಒಣಗಿಸಿತು. ಬರದಿಂದ ದುರ್ಬಲಗೊಂಡ ಕೆಲವು ದೈತ್ಯ ಮರಗಳು ತೊಗಟೆ ಕೊರೆಯುವ ಜೀರುಂಡೆಗಳಿಗೆ ಬಲಿಯಾದವು. ಕೀಟಗಳಿಗೆ ಜಗ್ಗದ ಮರವೆಂದು ಅಲ್ಲಿಯವರೆಗೆ ನಂಬಲಾಗಿತ್ತು.

2020ರ ಕ್ಯಾಸಲ್ ಕಾಡ್ಗಿಚ್ಚಿನಲ್ಲಿ 7,500ರಿಂದ 10,600 ದೊಡ್ಡ ಸೆಕ್ವೊಯಾ ಮರಗಳು ಸತ್ತವೆಂದು ಅಂದಾಜಿಸಲಾಗಿದೆ. ಇದು ಆ ಗಾತ್ರದ ಒಟ್ಟು ಮರಗಳ ಶೇಕಡ 10ರಿಂದ 14. ಮರುವರ್ಷದ ಎರಡು ಕಾಡ್ಗಿಚ್ಚುಗಳಲ್ಲಿ ಇನ್ನೂ ಶೇಕಡ 3ರಿಂದ 5ರಷ್ಟು ಹೋದವು. 2021ರ ಸೆಪ್ಟೆಂಬರಿನಲ್ಲಿ ಜನರಲ್ ಶೆರ್ಮನ್ ಮರದ ಬುಡಕ್ಕೆ ಅಗ್ನಿನಿರೋಧಕ ಅಲ್ಯೂಮಿನಿಯಂ ಹೊದಿಕೆ ಸುತ್ತಿದ ಚಿತ್ರಗಳು ಲೋಕದೆಲ್ಲೆಡೆ ಪ್ರಕಟವಾದವು. ಬೆಂಕಿಯ ತಾಪ ತೀರ ಹೆಚ್ಚಾದ ಕಡೆ ಶಂಕುಗಳೇ ಸುಟ್ಟುಹೋಗಿ ಬೀಜ ಉದುರಲಿಲ್ಲ. ಮೂರು ಸಾವಿರ ವರ್ಷ ಬಾಳುವ ಮರದ ಐದರಲ್ಲೊಂದು ಭಾಗದ ಆಸುಪಾಸು ಎರಡೇ ಬೇಸಿಗೆಗಳಲ್ಲಿ ನಾಶವಾದದ್ದು ಜೀನೋಮ್ ಯೋಜನೆಯ ಆರಂಭದಲ್ಲಿ ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಅದರ ಫಲಿತಾಂಶಗಳಿಗೆ ತುರ್ತು ಒದಗಿದ್ದು ಈ ಬೆಂಕಿಗಳಿಂದಲೇ.

ಕರಾವಳಿ ರೆಡ್‌ವುಡ್‌ನ ಸ್ಥಿತಿ ಭಿನ್ನ. ಕಡಿದರೂ ಸುಟ್ಟರೂ ಅದು ಬುಡದಿಂದ, ಕಾಂಡದಿಂದ ಮತ್ತೆ ಚಿಗುರಬಲ್ಲದು. 2020ರಲ್ಲಿ ಬಿಗ್ ಬೇಸಿನ್ ಉದ್ಯಾನದ ಬಹುಪಾಲು ಸುಟ್ಟು ಕಪ್ಪಾದ ಬಳಿಕವೂ ಅಲ್ಲಿನ ರೆಡ್‌ವುಡ್‌ಗಳು ಮೈತುಂಬ ಹಸಿರು ಚಿಗುರು ತಳೆದವು. ಶಂಕುಧಾರಿ ಮರಗಳಲ್ಲಿ ಈ ಸಾಮರ್ಥ್ಯ ವಿರಳ. ಬಲಿತ ದೈತ್ಯ ಸೆಕ್ವೊಯಾಕ್ಕೆ ಅದಿಲ್ಲ, ಬೀಜವೊಂದೇ ಅದರ ದಾರಿ.

ಜೀನೋಮ್ ಓದುವ ಅಗತ್ಯ

ಒಂದು ಪ್ರಭೇದದ ಮರಗಳೆಲ್ಲ ನೋಟಕ್ಕೆ ಒಂದೇ ಬಗೆಯಾಗಿ ಕಂಡರೂ ಅವುಗಳ ಡಿಎನ್‌ಎಯಲ್ಲಿ ಅಲ್ಲಲ್ಲಿ ವ್ಯತ್ಯಾಸಗಳಿರುತ್ತವೆ. ಕೆಲವಕ್ಕೆ ಬರವನ್ನು ತಾಳುವ ಶಕ್ತಿ ಹೆಚ್ಚು, ಕೆಲವಕ್ಕೆ ಚಳಿಯನ್ನು ಸಹಿಸುವ ಗುಣ, ಇನ್ನು ಕೆಲವಕ್ಕೆ ರೋಗನಿರೋಧ. ಇದನ್ನು ಆನುವಂಶಿಕ ವೈವಿಧ್ಯವೆನ್ನುತ್ತಾರೆ. ಹವಾಮಾನ ಬದಲಾದಾಗ ಒಂದು ಕಾಡು ತಾಳಿಕೊಳ್ಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ವೈವಿಧ್ಯವನ್ನು ಅವಲಂಬಿಸಿದೆ. ಪ್ರಾಣಿಗಳು ತಂಪಾದ ಕಡೆಗೆ ವಲಸೆ ಹೋಗಬಲ್ಲವು. ಸಾವಿರ ವರ್ಷ ಒಂದೇ ನೆಲೆಯಲ್ಲಿ ನಿಲ್ಲುವ ಮರದ ತಲೆಮಾರುಗಳು ನಿಧಾನವಾಗಿ ಬದಲಾಗುತ್ತವೆ, ಹೊಸ ಗುಣಗಳು ಮೂಡಿಬರಲು ಕಾಲಾವಕಾಶವಿಲ್ಲ. ಈಗಾಗಲೇ ಕಾಡಿನಲ್ಲಿ ಚದುರಿರುವ ವೈವಿಧ್ಯವೇ ಅದರ ಬಂಡವಾಳ.

ಕರಾವಳಿ ರೆಡ್‌ವುಡ್‌ನ ವಿಷಯದಲ್ಲಿ ಕಣ್ಣನ್ನು ನಂಬಿ ಲೆಕ್ಕ ಹಾಕುವುದೂ ಕಷ್ಟ. ಕಡಿದ ಕಬ್ಬಿನ ಕೂಳೆಯಂತೆ ಅದರ ಬುಡದ ಸುತ್ತ ಹೊಸ ಕಾಂಡಗಳು ಎದ್ದು, ಕಾಲಾಂತರದಲ್ಲಿ ಒಂದು ವರ್ತುಲದಲ್ಲಿ ನಿಂತ ಹಲವು ದೊಡ್ಡ ಮರಗಳಾಗುತ್ತವೆ. ಇವು ನೋಡುವವರಿಗೆ ಬೇರೆ ಬೇರೆ ಮರಗಳು. ಆನುವಂಶಿಕವಾಗಿ ಒಂದೇ ಮರದ ಪ್ರತಿಗಳು. ನೂರು ಕಾಂಡಗಳ ತೋಪಿನಲ್ಲಿ ವಾಸ್ತವವಾಗಿ ಎಷ್ಟು ಭಿನ್ನ ತಳಿಗಳಿವೆಯೆಂಬುದನ್ನು ಡಿಎನ್‌ಎ ಪರೀಕ್ಷೆಯಿಂದ ಮಾತ್ರ ತಿಳಿಯಬಹುದು.

ಜೀನೋಮ್ ಲಭ್ಯವಾಗುವ ಮೊದಲೂ ತಳಿ ಅಧ್ಯಯನಗಳು ನಡೆದಿದ್ದವು. ಅವು ಡಿಎನ್‌ಎಯ ಕೆಲವೇ ಗುರುತುಗಳನ್ನು ಹೋಲಿಸುವ ವಿಧಾನಗಳಾಗಿದ್ದವು. ದೈತ್ಯ ಸೆಕ್ವೊಯಾದಲ್ಲಿ ವೈವಿಧ್ಯ ಕಡಿಮೆಯೆಂದೂ, ಶ್ರೇಣಿಯ ಉತ್ತರದ ಚದುರಿದ ಸಣ್ಣ ತೋಪುಗಳು ಉಳಿದವುಗಳಿಂದ ಹೆಚ್ಚು ಬೇರ್ಪಟ್ಟಿವೆಯೆಂದೂ ಅವುಗಳಿಂದ ತಿಳಿದುಬಂದಿತ್ತು. ಉತ್ತರದ ಕೊನೆಯದಾದ ಪ್ಲೇಸರ್ ಕೌಂಟಿಯ ತೋಪಿನಲ್ಲಿ ಇರುವ ಹಳೆಯ ಮರಗಳು ಬೆರಳೆಣಿಕೆಯಷ್ಟು. ಕೆಲವು ಗುರುತುಗಳಿಂದ ಬಂಧುತ್ವವನ್ನು ಅಳೆಯಬಹುದಾದರೂ ಯಾವ ಜೀನ್ ಯಾವ ಗುಣಕ್ಕೆ ಕಾರಣವೆಂದು ಹೇಳಲಾಗದು. ಅದಕ್ಕೆ ಇಡೀ ಪಠ್ಯವೇ ಬೇಕು.

ಅನುಕ್ರಮ ಓದಿದ ವಿಧಾನ

ಮರಗಳ ಪೈಕಿ ಮೊದಲು ಜೀನೋಮ್ ಓದಲಾದದ್ದು ಕಪ್ಪು ಕಾಟನ್‌ವುಡ್ ಎಂಬ ಪಾಪ್ಲರ್ ಜಾತಿಯದು, 2006ರಲ್ಲಿ. ಅದರ ಜೀನೋಮ್ ಚಿಕ್ಕದು. ಶಂಕುಧಾರಿಗಳ ಜೀನೋಮ್‌ಗಳು ಅತಿ ದೊಡ್ಡವಾದುದರಿಂದ ಅವುಗಳ ಸರದಿ ತಡವಾಗಿ ಬಂತು: 2013ರಲ್ಲಿ ನಾರ್ವೆ ಸ್ಪ್ರೂಸ್, 2014ರಲ್ಲಿ ಲಾಬ್ಲಾಲಿ ಪೈನ್. ಇವೆರಡೂ ಸುಮಾರು 2,000 ಕೋಟಿ ಬೇಸ್ ಜೋಡಿಗಳ ಆಸುಪಾಸಿನವು. ಮಾನವನ ಜೀನೋಮ್ ಸುಮಾರು 300 ಕೋಟಿಯದು. ಲಾಬ್ಲಾಲಿ ಪೈನ್ ಕಾರ್ಯದ ಮುಂಚೂಣಿಯಲ್ಲಿದ್ದ ಡೇವಿಸ್‌ನ ಡೇವಿಡ್ ನೀಲ್ ಮತ್ತು ಜಾನ್ಸ್ ಹಾಪ್ಕಿನ್ಸ್‌ನ ಸ್ಟೀವನ್ ಸಾಲ್ಸ್‌ಬರ್ಗ್ ಅವರೇ ರೆಡ್‌ವುಡ್ ಯೋಜನೆಯನ್ನೂ ಮುನ್ನಡೆಸಿದರು.

ಯಾವ ಯಂತ್ರವೂ ಒಂದು ವರ್ಣತಂತುವನ್ನು ತುದಿಯಿಂದ ತುದಿಗೆ ಒಮ್ಮೆಲೇ ಓದಲಾರದು. ಡಿಎನ್‌ಎಯನ್ನು ತುಂಡುಗಳಾಗಿ ಓದಿ, ತುಂಡುಗಳ ಅಂಚುಗಳು ಎಲ್ಲಿ ಹೊಂದುತ್ತವೆಯೆಂದು ಗಣಕಯಂತ್ರದಿಂದ ಹುಡುಕಿ ಜೋಡಿಸಬೇಕು. ಒಂದು ಬೃಹದ್ಗ್ರಂಥದ ಹಲವಾರು ಪ್ರತಿಗಳನ್ನು ಚೂರುಚೂರು ಹರಿದು ಬೆರೆಸಿ, ಆ ಚೂರುಗಳಿಂದ ಮೂಲಪಾಠವನ್ನು ಮರಳಿ ಕಟ್ಟುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಶಂಕುಧಾರಿಗಳಲ್ಲಿ ಎರಡು ತೊಡಕುಗಳಿವೆ. ಜೀನೋಮಿನ ಬಹುಭಾಗ ಪುನರಾವರ್ತನೆಯಿಂದ ಕೂಡಿದೆ. ತಮ್ಮ ಪ್ರತಿಗಳನ್ನು ತಾವೇ ಮಾಡಿಕೊಂಡು ಜೀನೋಮಿನ ಬೇರೆ ಬೇರೆ ಕಡೆ ಸೇರುವ ಜಿಗಿಯುವ ಜೀನ್‌ಗಳು ಕೋಟ್ಯಂತರ ವರ್ಷಗಳಲ್ಲಿ ರಾಶಿಯಾಗಿ ಬೆಳೆದಿವೆ. ಒಂದೇ ವಾಕ್ಯ ಸಾವಿರ ಪುಟಗಳಲ್ಲಿ ಮರಳಿ ಬರುವ ಗ್ರಂಥದಲ್ಲಿ ಒಂದು ಚೂರು ಯಾವ ಪುಟದ್ದೆಂದು ಹೇಳುವುದು ಕಷ್ಟ. ಎರಡನೆಯದಾಗಿ, ತಾಯಿ ಮತ್ತು ತಂದೆ ಮರಗಳಿಂದ ಬಂದ ಎರಡು ಪ್ರತಿಗಳು ಅಲ್ಪಸ್ವಲ್ಪ ಭಿನ್ನವಾಗಿದ್ದು ಜೋಡಣೆಯನ್ನು ಗೊಂದಲಗೊಳಿಸುತ್ತವೆ.

ಎರಡನೆಯ ತೊಡಕಿಗೆ ಶಂಕುಧಾರಿಗಳ ಬೀಜವೇ ಪರಿಹಾರವನ್ನು ಒದಗಿಸಿತು. ಇವುಗಳ ಬೀಜದೊಳಗೆ ಭ್ರೂಣಕ್ಕೆ ಆಹಾರವಾಗುವ ಅಂಗಾಂಶ, ಅಂದರೆ ಸ್ತ್ರೀ ಯುಗ್ಮಕಸಸ್ಯ, ತಾಯಿಯಿಂದ ಮಾತ್ರ ಬಂದದ್ದು. ಅದರಲ್ಲಿ ವರ್ಣತಂತುಗಳ ಒಂದೇ ಪ್ರತಿಯಿರುತ್ತದೆ. ದೈತ್ಯ ಸೆಕ್ವೊಯಾದ ಜೀನೋಮಿಗಾಗಿ ರಾಷ್ಟ್ರೀಯ ಉದ್ಯಾನದಲ್ಲಿರುವ, ಸುಮಾರು 1,360 ವರ್ಷ ವಯಸ್ಸಿನ ಒಂದು ಮರವನ್ನು ಆಯ್ದುಕೊಂಡು, ಅದರ ಒಂದು ಬೀಜದ ಈ ಅಂಗಾಂಶದಿಂದ ನಿಖರವಾದ ಚಿಕ್ಕ ತುಂಡುಗಳನ್ನು ಓದಲಾಯಿತು. ಎಳ್ಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಬೀಜದಲ್ಲಿ ದೀರ್ಘ ತುಂಡುಗಳ ಓದಿಗೆ ಸಾಕಾಗುವಷ್ಟು ಡಿಎನ್‌ಎ ಸಿಗುವುದಿಲ್ಲ. ಆದ್ದರಿಂದ ಅದೇ ಮರದ ಎಲೆಗಳಿಂದ ಡಿಎನ್‌ಎ ತೆಗೆದು, ಅತಿ ಸೂಕ್ಷ್ಮ ರಂಧ್ರದ ಮೂಲಕ ಎಳೆಯನ್ನು ಹಾಯಿಸಿ ವಿದ್ಯುತ್ ಪ್ರವಾಹದ ಏರಿಳಿತದಿಂದ ಅಕ್ಷರಗಳನ್ನು ಗುರುತಿಸುವ ನ್ಯಾನೊಪೋರ್ ವಿಧಾನದಲ್ಲಿ ದೀರ್ಘ ತುಂಡುಗಳನ್ನು ಓದಲಾಯಿತು. ದೀರ್ಘ ಓದುಗಳಲ್ಲಿ ತಪ್ಪುಗಳು ಹೆಚ್ಚು, ಆದರೆ ಅವು ಪುನರಾವರ್ತಿತ ಭಾಗಗಳನ್ನು ದಾಟಿ ಆಚೆಬದಿಯನ್ನು ಮುಟ್ಟುತ್ತವೆ. ಚಿಕ್ಕ ಓದುಗಳು ತಪ್ಪುಗಳನ್ನು ತಿದ್ದುತ್ತವೆ. ಎರಡನ್ನೂ ಸೇರಿಸಿ ಜೋಡಿಸಲು ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೆಳೆಸಲಾದ 'ಮಸೂರ್ಕಾ' ಎಂಬ ತಂತ್ರಾಂಶವನ್ನು ಬಳಸಲಾಯಿತು. ಕೊನೆಯ ಹಂತದಲ್ಲಿ, ಜೀವಕೋಶದೊಳಗೆ ಡಿಎನ್‌ಎಯ ಯಾವ ಭಾಗಗಳು ಪರಸ್ಪರ ಸಮೀಪದಲ್ಲಿರುತ್ತವೆ ಎಂಬ ಮಾಹಿತಿಯನ್ನು ಆಧರಿಸಿ ತುಂಡುಗಳನ್ನು ವರ್ಣತಂತುಗಳ ಕ್ರಮದಲ್ಲಿ ಇಡಲಾಯಿತು.

ಕರಾವಳಿ ರೆಡ್‌ವುಡ್‌ನಲ್ಲಿ ಬೀಜದ ಉಪಾಯವೂ ಅರ್ಧ ಮಾತ್ರ ಫಲಿಸಿತು. ಅದು ಷಡ್ಗುಣಿತ ಸಸ್ಯ: ಅದರ ಜೀವಕೋಶದಲ್ಲಿ 11 ವರ್ಣತಂತುಗಳ ಆರು ಗುಂಪುಗಳು, ಒಟ್ಟು 66 ವರ್ಣತಂತುಗಳಿವೆ. ಬೀಜದ ತಾಯಿಭಾಗದಲ್ಲಿಯೂ ಮೂರು ಪ್ರತಿಗಳು ಉಳಿಯುತ್ತವೆ. ಶಂಕುಧಾರಿಗಳಲ್ಲಿ ಷಡ್ಗುಣಿತ ಪ್ರಭೇದಗಳು ತೀರ ವಿರಳ.

ಫಲಿತಾಂಶಗಳು

ಎರಡೂ ಮರಗಳ ಅನುಕ್ರಮ ಓದು ಪೂರ್ಣಗೊಂಡಿದೆಯೆಂದು 2019ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. 2020ರ ನವೆಂಬರಿನಲ್ಲಿ ಪ್ರಕಟವಾದ ದೈತ್ಯ ಸೆಕ್ವೊಯಾದ ಜೀನೋಮ್ ಸುಮಾರು 812 ಕೋಟಿ ಬೇಸ್ ಜೋಡಿಗಳಷ್ಟಿದ್ದು, ಅದರ ಬಹುಭಾಗವನ್ನು 11 ವರ್ಣತಂತುಗಳಾಗಿ ಜೋಡಿಸಲಾಗಿದೆ. ರೋಗಾಣುಗಳನ್ನು ಗುರುತಿಸಿ ರಕ್ಷಣಾಕ್ರಿಯೆಯನ್ನು ಚಾಲನೆಗೊಳಿಸುವ ಎನ್‌ಎಲ್‌ಆರ್ ಎಂಬ ವರ್ಗದ ಜೀನ್‌ಗಳನ್ನು ಸಂಶೋಧಕರು ವಿಶೇಷವಾಗಿ ಹುಡುಕಿದರು. ಪೂರ್ಣ ಹಾಗೂ ಭಾಗಶಃ ರೂಪದವುಗಳೆಲ್ಲ ಸೇರಿ ಅಂಥವು 900ಕ್ಕೂ ಹೆಚ್ಚು ದೊರೆತವು. ಸಾವಿರಾರು ವರ್ಷ ಒಂದೇ ಕಡೆ ನಿಂತು, ಬದಲಾಗುತ್ತಲೇ ಇರುವ ರೋಗಾಣುಗಳನ್ನು ಎದುರಿಸುವ ಮರದಲ್ಲಿ ಈ ಸಂಗ್ರಹ ಹೇಗೆ ಕೆಲಸ ಮಾಡುತ್ತದೆಯೆಂಬುದು ಮುಂದಿನ ಅಧ್ಯಯನದ ವಸ್ತುವಾಗಿದೆ.

ಕರಾವಳಿ ರೆಡ್‌ವುಡ್‌ನ ಜೋಡಿಸಿದ ಜೀನೋಮ್ 2,650 ಕೋಟಿ ಬೇಸ್ ಜೋಡಿಗಳಷ್ಟು, ಅಂದರೆ ಮಾನವ ಜೀನೋಮಿನ ಎಂಟು ಒಂಬತ್ತು ಪಟ್ಟು. ಆ ಹೊತ್ತಿಗೆ ಓದಲಾಗಿದ್ದ ಅತಿ ದೊಡ್ಡ ಜೀನೋಮ್‌ಗಳಲ್ಲಿ ಇದೂ ಒಂದು; 2018ರಲ್ಲಿ ಪ್ರಕಟವಾದ ಮೆಕ್ಸಿಕೋದ ಆಕ್ಸೊಲಾಟಲ್ ಎಂಬ ಉಭಯಚರದ ಜೀನೋಮ್ ಇದಕ್ಕಿಂತ ದೊಡ್ಡದು. ರೆಡ್‌ವುಡ್‌ಗೆ ಆರು ಪ್ರತಿಗಳು ಹೇಗೆ ಬಂದವೆಂಬ ಹಳೆಯ ಪ್ರಶ್ನೆಗೂ ಈ ಕಾರ್ಯದಿಂದ ಬೆಳಕು ದೊರೆಯಿತು. ಮೆಟಾಸೆಕ್ವೊಯಾದ ಪೂರ್ವಜವೂ ಬೇರೊಂದು ಪ್ರಭೇದವೂ ಸಂಕರಗೊಂಡು ರೆಡ್‌ವುಡ್ ಹುಟ್ಟಿರಬಹುದೆಂದು ಸಸ್ಯಶಾಸ್ತ್ರಜ್ಞ ಲೆಡ್ಯಾರ್ಡ್ ಸ್ಟೆಬಿನ್ಸ್ 1948ರಲ್ಲಿ ಊಹಿಸಿದ್ದರು. ಜೀನ್‌ಗಳ ಹೋಲಿಕೆ ಇದಕ್ಕೆ ಬೆಂಬಲ ನೀಡಲಿಲ್ಲ. ಆರೂ ಪ್ರತಿಗಳು ಒಂದೇ ಪೂರ್ವಜ ವಂಶದೊಳಗಿನ ದ್ವಿಗುಣನದಿಂದ ಬಂದಿವೆಯೆಂಬ ತೀರ್ಮಾನವೇ ಹೆಚ್ಚು ಸಮಂಜಸವೆಂದು ಕಂಡುಬಂದಿದೆ.

2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಎರಡೂ ಪ್ರಭೇದಗಳ ವಿವಿಧ ನೆಲೆಗಳ ಸಸಿಗಳ ಡಿಎನ್‌ಎಯನ್ನೂ ಅವು ನೀರಿನ ಅಭಾವಕ್ಕೆ ಪ್ರತಿಕ್ರಿಯಿಸುವ ಬಗೆಯನ್ನೂ ಹೋಲಿಸಿ, ಬರ ಸಹಿಷ್ಣುತೆಯೊಡನೆ ಸಂಬಂಧವಿರಬಹುದಾದ ಜೀನ್‌ಗಳನ್ನು ಪಟ್ಟಿ ಮಾಡಲಾಯಿತು. ಇಂಥ ಗುಣಗಳು ಒಂದೆರಡು ಜೀನ್‌ಗಳ ಹಿಡಿತದಲ್ಲಿಲ್ಲ. ಹಲವು ಜೀನ್‌ಗಳು ತಲಾ ಅಲ್ಪ ಪ್ರಭಾವ ಬೀರಿ ಒಟ್ಟು ಪರಿಣಾಮವನ್ನುಂಟುಮಾಡುತ್ತವೆ.

ಸಂರಕ್ಷಣೆಯಲ್ಲಿ ಬಳಕೆ

ಒಂದು ಮರದ ಜೀನೋಮನ್ನು ಓದಿದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ. ಮೊದಲ ಜೀನೋಮ್ ಒಂದು ಆಧಾರಪಠ್ಯ. ಅದು ದೊರೆತ ಬಳಿಕ ನೂರಾರು ಮರಗಳ ಡಿಎನ್‌ಎಯನ್ನು ಕಡಿಮೆ ವೆಚ್ಚದಲ್ಲಿ, ಆಯ್ದ ಸ್ಥಾನಗಳಲ್ಲಿ ಮಾತ್ರ ಓದಿ ಅದಕ್ಕೆ ಹೋಲಿಸಬಹುದು. ಅರಣ್ಯ ನಿರ್ವಾಹಕರಿಗೆ ಉಪಯೋಗವಾಗುವುದು ಈ ಎರಡನೆಯ ಹಂತ.

ಕಡಿದ ರೆಡ್‌ವುಡ್ ಕಾಡುಗಳ ಪುನಶ್ಚೇತನ ಇದರ ಒಂದು ಕ್ಷೇತ್ರ. ಮರ ಸಾಗಿಸಿದ ಬಳಿಕ ಅನೇಕ ಕಡೆ ವಿಮಾನದಿಂದ ಡಗ್ಲಸ್ ಫರ್ ಬೀಜಗಳನ್ನು ಬಿತ್ತಲಾಗಿತ್ತು. ಬೇರೆ ನೆಲೆಯ ರೆಡ್‌ವುಡ್ ಸಸಿಗಳನ್ನೂ ನೆಡಲಾಗಿತ್ತು. ಇಂದು ಅಲ್ಲಿ ಒತ್ತೊತ್ತಾಗಿ ಬೆಳೆದು ಬೆಳಕಿಗಾಗಿ ಪೈಪೋಟಿ ನಡೆಸುವ ಬಡಕಲು ಮರಗಳಿವೆ. ಲೀಗ್, ರಾಷ್ಟ್ರೀಯ ಉದ್ಯಾನ ಸೇವೆ ಮತ್ತು ಕ್ಯಾಲಿಫೋರ್ನಿಯಾದ ರಾಜ್ಯ ಉದ್ಯಾನ ಇಲಾಖೆಗಳು 2018ರಲ್ಲಿ ಆರಂಭಿಸಿದ 'ರೆಡ್‌ವುಡ್ಸ್ ರೈಸಿಂಗ್' ಕಾರ್ಯಕ್ರಮದಲ್ಲಿ ಇಂಥ ಕಾಡುಗಳನ್ನು ತೆಳುಗೊಳಿಸಲಾಗುತ್ತಿದೆ. ತೆಳುಗೊಳಿಸುವಾಗ ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರ ಸಾಮಾನ್ಯವಾಗಿ ಗಾತ್ರ ಮತ್ತು ಅಂತರವನ್ನು ನೋಡಿ ಆಗುತ್ತದೆ. ಒಂದೇ ತಳಿಯ ಹತ್ತು ಕಾಂಡಗಳನ್ನು ಉಳಿಸಿ, ಅಪರೂಪದ ತಳಿಯ ಒಂದೇ ಕಾಂಡವನ್ನು ಅರಿಯದೆ ಕಡಿದುಬಿಡುವ ಸಾಧ್ಯತೆ ಇದರಲ್ಲಿದೆ. ತಳಿಪರೀಕ್ಷೆಯಿಂದ ಈ ತಪ್ಪನ್ನು ತಪ್ಪಿಸಬಹುದೆಂಬುದು ಯೋಜನೆಯ ಆಶಯ.

ಸುಟ್ಟ ಸೆಕ್ವೊಯಾ ತೋಪುಗಳಲ್ಲಿ ಪ್ರಶ್ನೆ ಹೆಚ್ಚು ತೀವ್ರ. ತಾಯಿಮರಗಳೇ ಇಲ್ಲದ ಕಡೆ ಸಸಿ ನೆಡಬೇಕೆಂದು ಉದ್ಯಾನ ಸೇವೆ ಯೋಜಿಸಿದಾಗ, ಮನುಷ್ಯನ ಹಸ್ತಕ್ಷೇಪ ನಿಷಿದ್ಧವಾದ ವನ್ಯಪ್ರದೇಶದಲ್ಲಿ ನೆಡುವಿಕೆ ಸಲ್ಲದೆಂದು ಕೆಲವು ಸಂಘಟನೆಗಳು ವಿರೋಧಿಸಿದವು. ಬೆಂಕಿಯ ನಂತರ ಸಹಜವಾಗಿ ಮೊಳೆತ ಸಸಿಗಳು ಸಾಕಷ್ಟಿವೆಯೆಂಬುದು ಅವುಗಳ ಇನ್ನೊಂದು ವಾದ. ನೆಡುವುದೇ ಆದರೆ ಬೀಜ ಎಲ್ಲಿಯದಿರಬೇಕು? ಅದೇ ತೋಪಿನ ಬೀಜವಾದರೆ ಸ್ಥಳೀಯ ಹೊಂದಾಣಿಕೆ ಉಳಿಯುತ್ತದೆ. ಆದರೆ ಸಣ್ಣ ತೋಪುಗಳಲ್ಲಿ ಒಳಸಂತಾನದ ದೋಷವಿರಬಹುದು, ಹಿಂದಿನ ಹವೆಗೆ ಒಗ್ಗಿದ ತಳಿ ಮುಂದಿನ ಬಿಸಿಗೆ ತಾಳದಿರಬಹುದು. ದಕ್ಷಿಣದ ಒಣ ತೋಪುಗಳ ಬೀಜವನ್ನು ಬೆರೆಸಿದರೆ ವೈವಿಧ್ಯ ಹೆಚ್ಚುತ್ತದೆ. ಜೊತೆಗೆ ಚಳಿ ತಾಳದ ಗುಣವೂ ಬರಬಹುದು. ತೋಪುತೋಪುಗಳ ಆನುವಂಶಿಕ ವ್ಯತ್ಯಾಸದ ನಕ್ಷೆ ಇಲ್ಲದಿದ್ದರೆ ಈ ಆಯ್ಕೆ ಕುರುಡು ಆಯ್ಕೆಯಾಗುತ್ತದೆ. ಇಂದು ನೆಟ್ಟ ಸಸಿಯ ಯೋಗ್ಯತೆ ಪೂರ್ತಿ ತಿಳಿಯಲು ಶತಮಾನಗಳೇ ಬೇಕಾಗುವುದರಿಂದ, ತಪ್ಪನ್ನು ತಿದ್ದಿಕೊಳ್ಳುವ ಅವಕಾಶವೂ ಕಡಿಮೆ.

ಮಿತಿಗಳು

ಜೀನೋಮ್ ಅಧ್ಯಯನವು ಬೆಂಕಿಯನ್ನು ಆರಿಸುವುದಿಲ್ಲ. ಸೆಕ್ವೊಯಾ ತೋಪುಗಳಿಗೆ ತಕ್ಷಣದ ರಕ್ಷಣೆ ದೊರೆಯುವುದು ಒಣಕಟ್ಟಿಗೆ ತೆರವುಗೊಳಿಸುವುದರಿಂದ ಮತ್ತು ನಿಯಂತ್ರಿತ ಬೆಂಕಿಯನ್ನು ಹಚ್ಚುವುದರಿಂದ. ತಳಿಮಾಹಿತಿ ನೆರವಾಗುವುದು ನಂತರದ ನಿರ್ಧಾರಗಳಲ್ಲಿ. ಜೀನ್ ಹಾಗೂ ಗುಣಗಳ ಸಂಬಂಧವನ್ನು ಎಳೆಯ ಸಸಿಗಳಲ್ಲಿ ಅಳೆಯಲಾಗಿದ್ದು, ನೂರು ಮೀಟರ್ ಎತ್ತರಕ್ಕೆ ನೀರೆತ್ತಬೇಕಾದ ಬಲಿತ ಮರದಲ್ಲಿಯೂ ಅದೇ ಸಂಬಂಧ ನಿಲ್ಲುವುದೆಂದು ಹೇಳಲಾಗದು. 'ಉತ್ತಮ' ತಳಿಗಳನ್ನು ಮಾತ್ರ ಆರಿಸಿ ನೆಡುವ ಪ್ರವೃತ್ತಿಯೂ ಅಪಾಯಕಾರಿ. ಬರಕ್ಕೆ ಹೇಳಿಮಾಡಿಸಿದ ಏಕರೂಪದ ಕಾಡು ಒಂದು ಹೊಸ ರೋಗಕ್ಕೆ ಒಟ್ಟಾಗಿ ತುತ್ತಾಗಬಹುದು.

ಇತರ ಮರಗಳಲ್ಲಿ ಇದೇ ಬಗೆಯ ಕಾರ್ಯ

2024ರ ಜಾಗತಿಕ ಮರಗಳ ಸಮೀಕ್ಷೆಯಂತೆ, ಪರಿಶೀಲಿಸಲಾದ 47,282 ಮರಪ್ರಭೇದಗಳಲ್ಲಿ 16,425 ಪ್ರಭೇದಗಳು ಅಳಿವಿನ ಭೀತಿಯಲ್ಲಿವೆ. ಇವುಗಳಲ್ಲಿ ಜೀನೋಮ್ ಓದಲಾದವು ಅತ್ಯಲ್ಪ.

ಅಮೇರಿಕದ ಚೆಸ್ಟ್‌ನಟ್ ಮರದ ಕಥೆ ಪ್ರಸಿದ್ಧವಾದುದು. ಏಷ್ಯಾದಿಂದ ಬಂದ ಶಿಲೀಂಧ್ರವೊಂದು 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡು ಅರ್ಧ ಶತಮಾನದಲ್ಲಿ ಸುಮಾರು 400 ಕೋಟಿ ಮರಗಳನ್ನು ನಾಶಮಾಡಿತು. ರೋಗನಿರೋಧವಿರುವ ಚೀನೀ ಚೆಸ್ಟ್‌ನಟ್‌ನೊಡನೆ ಸಂಕರಿಸಿ, ಮತ್ತೆ ಮತ್ತೆ ಅಮೇರಿಕದ ಮರದೊಡನೆ ಕೂಡಿಸುವ ತಳಿ ಅಭಿವೃದ್ಧಿ ಕಾರ್ಯ ದಶಕಗಳ ಕಾಲ ನಡೆಯಿತು. ನಿರೋಧಶಕ್ತಿ ಎರಡು ಮೂರು ಜೀನ್‌ಗಳಲ್ಲಿದೆಯೆಂಬ ಊಹೆ ಅದರ ತಳಹದಿ. ಅದು ಜೀನೋಮಿನ ಉದ್ದಕ್ಕೂ ಹರಡಿದೆಯೆಂದು ಜೀನೋಮ್ ವಿಶ್ಲೇಷಣೆಯಿಂದ ತಿಳಿದಾಗ ಇಡೀ ಕಾರ್ಯತಂತ್ರವನ್ನು ಬದಲಿಸಬೇಕಾಯಿತು. ಗೋಧಿಯ ಜೀನ್ ಸೇರಿಸಿ ರೂಪಿಸಿದ 'ಡಾರ್ಲಿಂಗ್ 58' ಎಂಬ ಕುಲಾಂತರಿ ತಳಿಯ ವಿಷಯದಲ್ಲಿಯೂ ಡಿಎನ್‌ಎ ಪರೀಕ್ಷೆಯೇ ಎಡವಟ್ಟನ್ನು ಹೊರಗೆಡಹಿತು: ವರ್ಷಗಟ್ಟಲೆ ಪರೀಕ್ಷಿಸಲಾಗುತ್ತಿದ್ದ ಮರಗಳು ವಾಸ್ತವದಲ್ಲಿ 'ಡಾರ್ಲಿಂಗ್ 54' ಎಂಬ ಬೇರೊಂದು ಸಾಲಿನವಾಗಿದ್ದವು. ಅಮೇರಿಕನ್ ಚೆಸ್ಟ್‌ನಟ್ ಪ್ರತಿಷ್ಠಾನವು 2023ರ ಡಿಸೆಂಬರಿನಲ್ಲಿ ಆ ತಳಿಗೆ ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು.

ಯುರೋಪಿನ ಆ್ಯಶ್ ಮರದ ಜೀನೋಮ್ 2017ರಲ್ಲಿ ಪ್ರಕಟವಾಯಿತು. 2019ರಲ್ಲಿ 1,250 ಆ್ಯಶ್ ಮರಗಳ ಡಿಎನ್‌ಎಯನ್ನು ಹೋಲಿಸಿ, ಒಣಗು ರೋಗಕ್ಕೆ ತುತ್ತಾದ ಮತ್ತು ಆಗದ ಮರಗಳ ನಡುವೆ ಭಿನ್ನವಾಗಿರುವ ಮೂರು ಸಾವಿರಕ್ಕೂ ಹೆಚ್ಚು ಸ್ಥಾನಗಳನ್ನು ಗುರುತಿಸಲಾಯಿತು. ಆಸ್ಟ್ರೇಲಿಯಾದ ವೊಲ್ಲೆಮೈ ಪೈನ್ 1994ರಲ್ಲಿ ಸಿಡ್ನಿಯ ಸಮೀಪದ ಕಣಿವೆಯಲ್ಲಿ ಪತ್ತೆಯಾದ ಮರ. ಕಾಡಿನಲ್ಲಿ ಉಳಿದಿರುವ ಬಲಿತ ಮರಗಳು ನೂರಕ್ಕಿಂತ ಕಡಿಮೆ. ಸುಮಾರು 1,220 ಕೋಟಿ ಬೇಸ್ ಜೋಡಿಗಳ ಅದರ ಜೀನೋಮನ್ನು 2023ರಲ್ಲಿ ಬಿಡುಗಡೆ ಮಾಡಲಾಯಿತು. ಅದರ ಆನುವಂಶಿಕ ವೈವಿಧ್ಯ ಅತ್ಯಂತ ಕಡಿಮೆಯಾದುದರಿಂದ, ಕಾಲ್ನಡಿಗೆಯವರ ಪಾದರಕ್ಷೆಯ ಮಣ್ಣಿನಲ್ಲಿ ಬರಬಹುದಾದ ಬೇರುಕೊಳೆ ರೋಗವೂ ಇಡೀ ಪ್ರಭೇದಕ್ಕೆ ಅಪಾಯ ತರಬಲ್ಲದು. ಮರಗಳ ನಿಖರ ನೆಲೆಯನ್ನು ಇಂದಿಗೂ ಗುಟ್ಟಾಗಿಡಲಾಗಿದೆ.

ಭಾರತದಲ್ಲಿ ಬೇವಿನ ಮರದ ಜೀನೋಮನ್ನು ಬೆಂಗಳೂರಿನ ಗಣಿತ್ ಲ್ಯಾಬ್ಸ್ ಸಂಶೋಧಕರು ಓದಿ 2012ರಲ್ಲಿ ಪ್ರಕಟಿಸಿದರು. ಬೇವು ಅಳಿವಿನಂಚಿನ ಮರವಲ್ಲ. ಶ್ರೀಗಂಧ ಹಾಗಲ್ಲ. 1998ರಿಂದ ಅದು ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ ಪ್ರಭೇದವಾಗಿ ದಾಖಲಾಗಿದೆ. 2018ರಲ್ಲಿ ಬೆಂಗಳೂರಿನ ಸಂಶೋಧಕರನ್ನೊಳಗೊಂಡ ತಂಡವು ಶ್ರೀಗಂಧದ ಜೀನೋಮನ್ನು ಪ್ರಕಟಿಸಿತು. ಅದರ ಗಾತ್ರ ಸುಮಾರು 22 ಕೋಟಿ ಬೇಸ್ ಜೋಡಿಗಳು, ಕರಾವಳಿ ರೆಡ್‌ವುಡ್‌ನ ನೂರನೇ ಒಂದು ಭಾಗಕ್ಕೂ ಕಡಿಮೆ. ಚೇಗಿನಲ್ಲಿ ಪರಿಮಳತೈಲವನ್ನು ಉಂಟುಮಾಡುವ ಜೀನ್‌ಗಳ ಹುಡುಕಾಟಕ್ಕೆ ಈ ಜೀನೋಮ್ ಆಧಾರವಾಗಿದೆ. ಗಂಧದ ಮರದಲ್ಲಿ ಚೇಗು ಎಷ್ಟಿದೆಯೆಂಬುದು ಹೊರನೋಟಕ್ಕೆ ತಿಳಿಯದು. ಕಳ್ಳರು ಕಾಂಡಕ್ಕೆ ರಂಧ್ರ ಕೊರೆದು ನೋಡುವುದರಿಂದ ಎಳೆಯ ಮರಗಳೂ ಹಾಳಾಗುತ್ತವೆ. 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣವೆಂದು ತಿಳಿದಿದ್ದರೂ ರೋಗ ತಗುಲಿದ ಮರವನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ಕಾಡಿನ ದೊಡ್ಡ ಗಂಧದ ಮರಗಳು ಬಹುಮಟ್ಟಿಗೆ ಕಡಿದುಹೋಗಿರುವುದರಿಂದ, ರೋಗವನ್ನು ತಾಳಿ ನಿಂತ ಮರಗಳನ್ನು ಗುರುತಿಸಿ ಅವುಗಳ ಬೀಜವನ್ನು ಕಾಯ್ದಿಡುವ ಕೆಲಸ ಉಳಿದಿರುವ ಅಲ್ಪ ತಳಿಸಂಗ್ರಹದೊಳಗೇ ನಡೆಯಬೇಕಾಗಿದೆ.